ಕಡತದಲ್ಲಿ ಉಳಿದ ಹಳ್ಳಿ

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಅರಮನೆಯ ಕಡೆಗೂ ರಣಾಂಗಣದ ಕಡೆಗೂ ಓಡುತ್ತದೆ. ಯಾವ ಅರಸು ಯಾವ ವರ್ಷ ಪಟ್ಟಕ್ಕೆ ಬಂದ, ಯಾವ ಕೋಟೆ ಯಾವಾಗ ಬಿತ್ತು ಎಂಬುದನ್ನು ಶಾಲೆಯ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆದರೆ ಆ ಅರಸಿನ ಕಾಲದಲ್ಲಿ ಒಬ್ಬ ಕುರಿಗಾಹಿ ಏನನ್ನು ಉಂಡ, ಅವನ ತಾಯಿ ನೆರೆಮನೆಯಿಂದ ಏನನ್ನು ಎರವಲು ತಂದಳು, ಸತ್ತ ಮೇಲೆ ಜೀವ ಎಲ್ಲಿಗೆ ಹೋಗುತ್ತದೆಂದು ಅವರು ಒಲೆಯ ಮುಂದೆ ಕುಳಿತು ಏನು ಮಾತನಾಡಿಕೊಂಡರು ಎಂದು ಕೇಳಿದರೆ ಬಹುಮಟ್ಟಿಗೆ ಯಾವ ಗ್ರಂಥವೂ ಬಾಯಿ ಬಿಡುವುದಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಬರೆಯಬಲ್ಲವರಿಗೆ ಅವರ ಮಾತು ಬೇಕಾಗಿರಲಿಲ್ಲ.

ಈ ನಿಯಮಕ್ಕೆ ಒಂದು ಅಪವಾದವನ್ನು ವಾಚಕರ ಮುಂದಿಡಬೇಕೆಂದು ನನ್ನ ಅಪೇಕ್ಷೆ. ಫ್ರಾನ್ಸ್ ದೇಶದ ದಕ್ಷಿಣದ ಗಡಿಯಲ್ಲಿ ಪಿರೆನೀಸ್ ಪರ್ವತಶ್ರೇಣಿ ಗೋಡೆಯಂತೆ ನಿಂತಿದೆ. ಆಚೆಗೆ ಸ್ಪೇನ್, ಈಚೆಗೆ ಆರಿಯೇಜ್ ನದಿಯ ಸೀಮೆ. ಆ ಸೀಮೆಯ ಮೇಲ್ಗಡೆ, ಸಮುದ್ರಮಟ್ಟದಿಂದ ಸುಮಾರು ೧,೩೦೦ ಮೀಟರ್ ಎತ್ತರದಲ್ಲಿ ಮೊಂತೈಯೂ ಎಂಬ ಪುಟ್ಟ ಹಳ್ಳಿಯಿದೆ. ಇಂದು ಅಲ್ಲಿ ಬೆರಳೆಣಿಕೆಯ ಮನೆಗಳಲ್ಲಿ ಮಾತ್ರ ಜನವಾಸ. ಗುಡ್ಡದ ಮೇಲೆ ಹಾಳುಬಿದ್ದ ಒಂದು ಕೋಟೆ, ಕೆಳಗೆ ಒಂದು ಚಿಕ್ಕ ದೇವಾಲಯ. ಇಂಥ ಊರಿನ ಜನ ಏಳು ನೂರು ವರ್ಷಗಳ ಹಿಂದೆ ಆಡಿದ ಮಾತುಗಳು ಇಂದಿಗೂ ಉಳಿದುಬಂದಿವೆ. ಹೇಗೆ ಉಳಿದುವು, ಯಾವ ಬೆಲೆ ತೆತ್ತು ಉಳಿದುವು ಎಂಬುದೇ ಈ ಲೇಖನದ ವಿಷಯ.

ಕ್ರಿ. ಶ. ೧೩೦೦ರ ಸುಮಾರಿಗೆ ಮೊಂತೈಯೂ ಫ್ವಾ ಎಂಬ ಕೌಂಟರ ಆಡಳಿತಕ್ಕೆ ಸೇರಿತ್ತು. ಜನಸಂಖ್ಯೆ ಇನ್ನೂರರಿಂದ ಇನ್ನೂರೈವತ್ತು. ಗೋಧಿ, ಓಟ್ಸ್, ಟರ್ನಿಪ್ ಬೆಳೆಯುತ್ತಿದ್ದರು. ಆ ಚಳಿಗೆ ದ್ರಾಕ್ಷಿ ಬಾರದು, ಆದ್ದರಿಂದ ಮದ್ಯ ಕೆಳಗಿನ ಊರುಗಳಿಂದ ಹೇಸರಗತ್ತೆಯ ಬೆನ್ನಮೇಲೆ ಬರಬೇಕು. ಊರಿನಲ್ಲಿ ಗಿರಣಿ ಇರಲಿಲ್ಲ. ಧಾನ್ಯವನ್ನು ಅಕ್ಸ್ ಎಂಬ ಪೇಟೆಗೆ ಹೊತ್ತು ಹಿಟ್ಟು ಮಾಡಿಸಿ ತರಬೇಕು. ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ನೀರು ತರುತ್ತಿದ್ದರು. ಒಲೆಯ ಬೆಂಕಿ ಆರಿದರೆ ನೆರೆಮನೆಗೆ ಹೋಗಿ ಕೆಂಡ ತರುತ್ತಿದ್ದರು. ಜರಡಿ ಇಲ್ಲದಿದ್ದರೆ ಅದನ್ನೂ ಎರವಲು ತರುತ್ತಿದ್ದರು. ಮನೆ ಬಾಗಿಲ ಬಿಸಿಲಿನಲ್ಲಿ ಕುಳಿತು ಒಬ್ಬರಿಗೊಬ್ಬರು ಹೇನು ಹೆಕ್ಕುತ್ತ ಊರ ಸುದ್ದಿಯನ್ನೂ ಪರಲೋಕದ ಸುದ್ದಿಯನ್ನೂ ಮಾತನಾಡುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ದೊಡ್ಡದು ಮನೆ. ನಾವು ‘ಮನೆ’ ಎಂದರೆ ಕಟ್ಟಡವೂ ಹೌದು, ಮನೆತನವೂ ಹೌದು. ಅವರ ಭಾಷೆಯಲ್ಲಿಯೂ ಹಾಗೆಯೇ ಎರಡಕ್ಕೂ ಒಂದೇ ಪದ. ಆ ಊರಿನ ಬಲಿಷ್ಠ ಕುಟುಂಬವಾದ ಕ್ಲೆರ್ಗ್ ಮನೆಯ ಯಜಮಾನ ತೀರಿಕೊಂಡಾಗ ಹೆಣದ ಹಣೆಯ ಮೇಲಿನ ಕೂದಲನ್ನೂ ಕೈಕಾಲುಗಳ ಉಗುರನ್ನೂ ಕತ್ತರಿಸಿ ತೆಗೆದಿಟ್ಟರಂತೆ. ಯಜಮಾನ ಹೋದರೂ ಮನೆಯ ಅದೃಷ್ಟ ಅವನೊಡನೆ ಹೋಗಬಾರದೆಂಬುದು ಅವರ ನಂಬಿಕೆ.

ಇಂಥ ಸಾಧಾರಣ ಊರಿನ ಮೇಲೆ ರಾಜ್ಯದ, ಮತಾಧಿಕಾರಿಗಳ ಕಣ್ಣು ಬಿದ್ದದ್ದು ಏಕೆ? ಆ ಸೀಮೆಯಲ್ಲಿ ಕಥಾರ್ ಎಂಬ ಪಂಥ ಬೇರೂರಿತ್ತು. ಒಳ್ಳೆಯ ದೇವರು ಸೃಷ್ಟಿಸಿದ್ದು ಆತ್ಮವನ್ನು ಮಾತ್ರ, ಈ ಜಡಪ್ರಪಂಚ ದುಷ್ಟಶಕ್ತಿಯ ಕೈಕೆಲಸ ಎಂದು ಅವರ ಮತ. ಅವರ ಗುರುಗಳು ಮಾಂಸ ತಿನ್ನರು, ಸುಳ್ಳಾಡರು. ಜನ ಅವರನ್ನು ‘ಒಳ್ಳೆಯವರು’ ಎಂದೇ ಕರೆಯುತ್ತಿದ್ದರು. ಸಾಯುವ ಹೊತ್ತಿಗೆ ಅವರಿಂದ ದೀಕ್ಷೆ ಪಡೆದರೆ ಮುಕ್ತಿಯೆಂಬ ಭಾವನೆ. ದೀಕ್ಷೆ ಪಡೆದ ಕೆಲವರು ಆಮೇಲೆ ಅನ್ನಾಹಾರ ಬಿಟ್ಟು ಪ್ರಾಣ ನೀಗುತ್ತಿದ್ದರು. ದೀಕ್ಷೆಯಿಲ್ಲದೆ ಸತ್ತವರ ಜೀವ ಪ್ರಾಣಿಗಳ ದೇಹದಲ್ಲಿಯೂ ಹೊಕ್ಕು ಅಲೆಯುತ್ತದೆಂದು ಹೇಳುತ್ತಿದ್ದರು. ಇದಕ್ಕೆ ಅವರಲ್ಲಿ ಒಂದು ಕಥೆಯುಂಟು. ಹಿಂದಿನ ಜನ್ಮದಲ್ಲಿ ಕುದುರೆಯಾಗಿದ್ದ ಒಬ್ಬ ಸಾಧು ದಾರಿ ನಡೆಯುತ್ತ, ತಾನು ಕುದುರೆಯಾಗಿದ್ದಾಗ ಇಲ್ಲಿಯೇ ಕಲ್ಲುಗಳ ನಡುವೆ ಲಾಳ ಕಳಚಿಕೊಂಡಿದ್ದೆನೆಂದು ಜೊತೆಗಾರನಿಗೆ ಹೇಳಿದ. ಇಬ್ಬರೂ ಹುಡುಕಿದಾಗ ಲಾಳ ಸಿಕ್ಕಿತು.

ರೋಮಿನ ಚರ್ಚಿಗೆ ಇದು ಪಾಷಂಡಮತ. ೧೨೦೯ರಲ್ಲಿ ಪೋಪರ ಕರೆಯ ಮೇಲೆ ಉತ್ತರದಿಂದ ಸೈನ್ಯ ಬಂದು, ಇಪ್ಪತ್ತು ವರ್ಷಗಳ ಕಾಲ ಆ ನಾಡು ಯುದ್ಧದಲ್ಲಿ ಬೆಂದಿತು. ೧೨೪೪ರಲ್ಲಿ ಮೊಂಸೆಗ್ಯೂರ್ ಕೋಟೆ ಬಿದ್ದಾಗ, ಮತ ಬಿಡಲೊಪ್ಪದ ಇನ್ನೂರಕ್ಕೂ ಹೆಚ್ಚು ಜನರನ್ನು ಬೆಟ್ಟದ ಬುಡದಲ್ಲಿ ಸುಟ್ಟರು. ಅಲ್ಲಿಗೆ ಆ ಪಂಥ ಅಡಗಿತೆಂದುಕೊಂಡರು. ಆದರೆ ೧೩೦೦ರ ಸುಮಾರಿಗೆ ಅಕ್ಸ್ ಪೇಟೆಯ ಪಿಯೆರ್ ಓತಿಯೆ ಎಂಬ ಪತ್ರಬರಹಗಾರನು ಇಟಲಿಯಲ್ಲಿ ದೀಕ್ಷೆ ಪಡೆದು ಹಿಂತಿರುಗಿ, ತಮ್ಮನೊಡನೆ ಬೆಟ್ಟದೂರುಗಳಲ್ಲಿ ರಾತ್ರಿ ರಾತ್ರಿ ತಿರುಗಿ ಆ ಮತವನ್ನು ಮತ್ತೆ ಹೊತ್ತಿಸಿದ. ಮೊಂತೈಯೂವಿನ ಎಷ್ಟೋ ಮನೆಗಳ ಬಾಗಿಲು ಅವರಿಗೆ ತೆರೆಯಿತು. ಓತಿಯೆಯನ್ನು ೧೩೧೦ರಲ್ಲಿ ತೂಲೂಸಿನಲ್ಲಿ ಸುಟ್ಟರು.

ಅದಕ್ಕೂ ಮೊದಲೇ, ೧೩೦೮ರ ಸೆಪ್ಟೆಂಬರಿನಲ್ಲಿ, ಕಾರ್ಕಸೋನಿನ ಮತವಿಚಾರಣೆಯ ಅಧಿಕಾರಿಗಳು ಮೊಂತೈಯೂವಿನ ಮೇಲೆ ಬಿದ್ದು, ಚಿಕ್ಕ ಮಕ್ಕಳನ್ನುಳಿದು ಊರಿಗೆ ಊರನ್ನೇ ಹಿಡಿದು ಕೋಟೆಯಲ್ಲಿ ಕೂಡಿಹಾಕಿದ್ದರು. ಕೆಲವರು ಸೆರೆಮನೆಗೆ ಹೋದರು. ಕೆಲವರು ಬಟ್ಟೆಯ ಮೇಲೆ ಹಳದಿ ಶಿಲುಬೆ ಹೊಲಿದುಕೊಂಡು ನಾಲ್ಕು ಜನರ ಮುಂದೆ ತಲೆತಗ್ಗಿಸಿ ನಡೆಯಬೇಕಾಯಿತು.

ಊರಿನ ಪಾದ್ರಿ ಪಿಯೆರ್ ಕ್ಲೆರ್ಗ್. ಅವನ ಸಹೋದರ ಬೆರ್ನಾರ್ ಕೌಂಟರ ಪರವಾಗಿ ಕಂದಾಯ ಎತ್ತುವ ಅಧಿಕಾರಿ. ಧರ್ಮವೂ ದಂಡವೂ ಒಂದೇ ಮನೆಯಲ್ಲಿ! ಪಾದ್ರಿ ಚರ್ಚಿನಲ್ಲಿ ಪೂಜೆ ಮಾಡುತ್ತಿದ್ದ, ಒಳಗೊಳಗೆ ಕಥಾರರ ಕಡೆಗಿದ್ದ. ತನಗೆ ಬೇಕಾದವರನ್ನು ಕಾಪಾಡಿದ. ಬೇಡವಾದವರನ್ನು ಅಧಿಕಾರಿಗಳಿಗೆ ತೋರಿಸಿಕೊಟ್ಟ. ಹೀಗೆ ಊರಿನಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಭಯ ಹುಟ್ಟಿತು. ಬೆಲೋ ಎಂಬುವರ ಮನೆಯ ಆಳುಹೆಂಗಸೊಬ್ಬಳು ಅಂಗಳದ ತಿಪ್ಪೆಯ ಮೇಲೆ ಹತ್ತಿ, ಗೋಡೆಯ ಸಂದಿನಲ್ಲಿ ಇಣುಕಿ, ಅಡುಗೆಮನೆಯಲ್ಲಿ ಗುಟ್ಟಾಗಿ ಮಾತನಾಡುತ್ತಿದ್ದವರು ಯಾರೆಂದು ನೋಡಿದಳು. ಮುಂದೆ ಅವಳು ಕಂಡದ್ದೂ ಸಾಕ್ಷ್ಯವಾಯಿತು.

೧೩೧೭ರಲ್ಲಿ ಝಾಕ್ ಫೂರ್ನಿಯೆ ಎಂಬುವನು ಪಾಮಿಯೆ ನಗರದ ಬಿಷಪ್ಪನಾಗಿ ಬಂದ. ಬಡಕುಟುಂಬದಲ್ಲಿ ಹುಟ್ಟಿ ವಿದ್ಯೆಯಿಂದ ಮೇಲೆ ಬಂದ ಸನ್ಯಾಸಿ. ಕುರಿಮರಿಗಳ ಮೇಲೂ ಚರ್ಚಿನ ದಶಮಾಂಶವನ್ನು ಬಿಗಿಯಾಗಿ ಕೇಳಿದವನು. ಕುರಿಗಾಹಿಗಳ ಸಿಟ್ಟಿಗೆ ಇದೂ ಒಂದು ಕಾರಣ. ೧೩೧೮ರಿಂದ ೧೩೨೫ರವರೆಗೆ ಅವನು ತನ್ನ ಸೀಮೆಯ ಪಾಷಂಡಿಗಳನ್ನು ಕರೆಸಿ ವಿಚಾರಣೆ ನಡೆಸಿದ. ವಿಚಾರಣೆ ಕುಳಿತ ದಿನಗಳು ೩೭೦; ಪ್ರಕರಣಗಳು ೯೮; ಪ್ರಶ್ನೋತ್ತರಗಳು ೫೭೮. ಚಿತ್ರಹಿಂಸೆಯನ್ನು ಅವನು ಹೆಚ್ಚಾಗಿ ಬಳಸಲಿಲ್ಲ. ಅವನ ಆಯುಧ ತಾಳ್ಮೆ. ಒಂದು ಸಣ್ಣ ಮಾತು ಸಿಕ್ಕಿದರೆ ಸಾಕು, ಅದು ಯಾವ ದಿನ, ಯಾರ ಮನೆಯಲ್ಲಿ, ಆಗ ಅಲ್ಲಿ ಯಾರು ಕುಳಿತಿದ್ದರು, ಏನು ತಿನ್ನುತ್ತಿದ್ದರು ಎಂದು ಬೇರು ಹಿಡಿದು ಅಗೆಯುತ್ತಿದ್ದ. ಅಗೆದದ್ದು ಪಾಪವನ್ನು, ದೊರೆತದ್ದು ಒಂದು ಊರಿನ ಬಾಳು.

ಬೆಯಾತ್ರಿಸ್ ದ ಪ್ಲಾನಿಸೋಲ್ ಎಂಬಾಕೆ ಮೊಂತೈಯೂ ಕೋಟೆಯ ಅಧಿಕಾರಿಯ ವಿಧವೆ. ೧೩೨೦ರಲ್ಲಿ ಬಿಷಪ್ಪನ ಕರೆ ಬಂದ ಮೇಲೆ ಹೆದರಿ ಓಡಿಹೋದಳು, ಸಿಕ್ಕಿಬಿದ್ದಳು. ಅವಳ ಗಂಟು ಬಿಚ್ಚಿದಾಗ ಒಂದು ಕನ್ನಡಿ, ಸಾಂಬ್ರಾಣಿ, ಮೊಮ್ಮಕ್ಕಳ ಒಣಗಿದ ಹೊಕ್ಕುಳಬಳ್ಳಿಗಳು ಕಂಡವು. ಇದು ಮಾಟವೆ ಎಂದು ಕೇಳಿದರು. ಗಂಡುಮಗುವಿನ ಹೊಕ್ಕುಳಬಳ್ಳಿ ಬಳಿಯಲ್ಲಿದ್ದರೆ ವ್ಯಾಜ್ಯದಲ್ಲಿ ಗೆಲುವೆಂದು ಕೇಳಿ ಇಟ್ಟುಕೊಂಡಿದ್ದೇನೆ ಎಂಬುದು ಅವಳ ಉತ್ತರದ ತಾತ್ಪರ್ಯ. ಆ ಗೆಲುವು ಅವಳಿಗೆ ಬರಲಿಲ್ಲ. ೧೩೨೧ರಲ್ಲಿ ಸೆರೆ ಸೇರಿದಳು. ಮರುವರ್ಷ ಹಳದಿ ಶಿಲುಬೆ ಹೊತ್ತು ಹೊರಗೆ ಬಂದಳು.

ಪಿಯೆರ್ ಮೊರಿ ಎಂಬ ಕುರಿಗಾಹಿಯ ಹೇಳಿಕೆ ಇನ್ನೂ ಮನಮುಟ್ಟುವಂಥದು. ಅವನಿಗೆ ಸ್ವಂತ ಮನೆಯಿಲ್ಲ, ಹೆಂಡತಿಯಿಲ್ಲ. ಬೇಸಗೆಯಲ್ಲಿ ಪಿರೆನೀಸಿನ ಹುಲ್ಲುಗಾವಲು, ಚಳಿಗಾಲದಲ್ಲಿ ಗಡಿ ದಾಟಿ ಕತಲೋನಿಯದ ಬಯಲು. ಕುರಿಗಳ ಹಿಂದೆ ನಡೆದದ್ದೇ ಅವನ ಬಾಳು. ಆಚೆ ಅಡಗಿದ್ದ ಗಿಯೋಮ್ ಬೆಲಿಬಾಸ್ತ್ ಎಂಬ ಕಥಾರ್ ಗುರುವಿಗೆ ಅವನು ಆಪ್ತಮಿತ್ರ. ಆ ಸ್ನೇಹದ ನಡುವೆ ಆರ್ನೋ ಸಿಕ್ರ್ ಎಂಬುವನು ಭಕ್ತನ ವೇಷದಲ್ಲಿ ನುಸುಳಿದ. ಸಿಕ್ರನ ತಾಯಿಯನ್ನು ಪಾಷಂಡಿಯೆಂದು ಸುಟ್ಟು ಅವಳ ಆಸ್ತಿಯನ್ನು ಮುಟ್ಟುಗೋಲು ಹಾಕಿದ್ದರು. ಅದನ್ನು ಮರಳಿ ಪಡೆಯಲು ಮಗ ಬಿಷಪ್ಪನ ಗೂಢಚಾರನಾದ. ೧೩೨೧ರಲ್ಲಿ ಬೆಲಿಬಾಸ್ತನನ್ನು ನಂಬಿಸಿ ಕರೆತಂದು ಹಿಡಿಸಿದ. ವಿಲ್‌ರೂಝ್ ಎಂಬ ಊರಿನಲ್ಲಿ ಆ ಗುರುವನ್ನು ಸುಟ್ಟರು. ೧೩೨೪ರಲ್ಲಿ ಮೊರಿಗೆ ಸೆರೆವಾಸದ ಶಿಕ್ಷೆಯಾಯಿತು. ಮೊಂತೈಯೂವಿನ ಗಿಯೋಮ್ ಫೋರ್ ಎಂಬುವನನ್ನು ಫೂರ್ನಿಯೆಯ ನ್ಯಾಯಸ್ಥಾನವೇ ಬೆಂಕಿಗೆ ಒಪ್ಪಿಸಿತು.

ಇಲ್ಲಿ ವಾಚಕರು ಒಂದು ವಿಚಿತ್ರವನ್ನು ಗಮನಿಸಬೇಕು. ಊರನ್ನೆಲ್ಲ ಆಳಿದ ಪಾದ್ರಿ ಕ್ಲೆರ್ಗನೂ ೧೩೨೦ರಲ್ಲಿ ಸಿಕ್ಕಿಬಿದ್ದು ಸೆರೆಯಲ್ಲಿಯೇ ಸತ್ತ. ಆದರೆ ಉಳಿದಿರುವ ಕಡತದಲ್ಲಿ ಅವನ ಹೇಳಿಕೆಯಿಲ್ಲ. ಬಲ್ಲಿದನ ಬಾಯಿ ಮುಚ್ಚಿಹೋಯಿತು; ಮನೆಯಿಲ್ಲದ ಕುರಿಗಾಹಿಯ ಮಾತು ನಿಂತಿತು.

ಆ ಮಾತು ನಮಗೆ ತಲುಪಿದ ದಾರಿ ಹೀಗೆ. ಸಾಕ್ಷಿಗಳು ನುಡಿದದ್ದು ತಮ್ಮ ನಾಡಿನ ಓಕ್ಸಿತಾನ್ ನುಡಿಯಲ್ಲಿ. ಬರಹಗಾರರು ಅದನ್ನು ಬೇಗಬೇಗನೆ ಗುರುತು ಹಾಕಿಕೊಂಡು, ಲ್ಯಾಟಿನ್ನಿಗೆ ತಿರುಗಿಸಿ, ಬಳಿಕ ಹೇಳಿದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ, ತಿದ್ದುಪಡಿಯಿದ್ದರೆ ತಿದ್ದಿ, ಚರ್ಮದ ಹಾಳೆಗಳ ಮೇಲೆ ಶುದ್ಧಪ್ರತಿ ಮಾಡಿದರು. ಫೂರ್ನಿಯೆ ೧೩೩೪ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪನಾದ. ಅವಿನ್ಯೋಂ ನಗರದಲ್ಲಿ ಪೋಪರ ಅರಮನೆಯನ್ನು ಕಟ್ಟಿಸತೊಡಗಿದವನು ಅವನೇ. ಹೀಗೆ ಅವನ ಕಡತಕ್ಕೂ ರಕ್ಷಣೆ ದೊರೆಯಿತು. ಅದು ಈಗ ವ್ಯಾಟಿಕನ್ನಿನ ಗ್ರಂಥಾಲಯದಲ್ಲಿದೆ. ೧೯೬೫ರಲ್ಲಿ ಝಾನ್ ದ್ಯುವೆರ್ನುವಾ ಎಂಬ ವಿದ್ವಾಂಸರು ಅದರ ಲ್ಯಾಟಿನ್ ಪಾಠವನ್ನು ಅಚ್ಚು ಮಾಡಿಸಿದರು. ೧೯೭೫ರಲ್ಲಿ ಎಮ್ಮಾನ್ಯುಯೆಲ್ ಲ ರ್ವಾ ಲಾದ್ಯುರಿ ಎಂಬ ಇತಿಹಾಸಕಾರರು ಅದನ್ನು ಆಧರಿಸಿ ಮೊಂತೈಯೂ ಕುರಿತು ಪುಸ್ತಕ ಬರೆದರು. ಅದು ಹಲವು ಭಾಷೆಗಳಿಗೆ ಹೋಯಿತು. ಲಾದ್ಯುರಿಯವರು ೨೦೨೩ರಲ್ಲಿ ತೀರಿಕೊಂಡರು.

ಆದರೆ ಈ ಕಡತವನ್ನು ಓದುವಾಗ ಎಚ್ಚರ ಬೇಕು. ಇದು ಒಲೆಯ ಮುಂದಿನ ಹರಟೆಯಲ್ಲ. ನ್ಯಾಯಸ್ಥಾನದ ಮುಂದೆ ಹೆದರಿ ನಿಂತವರು ಹೇಳಿದ್ದು. ಕೆಲವರು ತಮ್ಮನ್ನು ಉಳಿಸಿಕೊಳ್ಳಲು ಮರೆಮಾಚಿರಬಹುದು; ಕೆಲವರು ಹಗೆ ತೀರಿಸಲು ಸೇರಿಸಿರಬಹುದು. ನಾಡನುಡಿಯ ಬಿಸಿ ಲ್ಯಾಟಿನ್ನಿಗೆ ಬರುವಾಗ ಎಷ್ಟೋ ಆರಿರಬಹುದು. ‘ನಾನು’ ಎಂದು ಆಡಿದ ಮಾತು ಅಲ್ಲಿ ‘ಅವನು’, ‘ಅವಳು’ ಎಂದು ಕುಳಿತಿದೆ. ಇಷ್ಟಾದರೂ ಕೆಂಡ ತರಲು ಹೋದ ಹೆಂಗಸು, ಜರಡಿ ಕೇಳಲು ಬಂದ ನೆರೆಯವಳು, ಲಾಳದ ಕಥೆ ಕೇಳಿದ ಕುರಿಗಾಹಿ, ಇವರನ್ನು ಕಲ್ಪಿಸಿ ಬರೆಯಲು ಯಾವ ಬರಹಗಾರನಿಗೂ ಕಾರಣವಿರಲಿಲ್ಲ. ಅವು ತನಿಖೆಯ ಜೊತೆಯಲ್ಲಿ ತಾವಾಗಿ ಬಂದ ಸತ್ಯಗಳು.

ಆದ್ದರಿಂದ ಫೂರ್ನಿಯೆಗೆ ನಾವು ಕೃತಜ್ಞರಾಗಬೇಕೆ ಎಂದು ಯಾರಾದರೂ ಕೇಳಿದರೆ, ಅವನ ಶ್ರದ್ಧೆಯನ್ನು ಮೆಚ್ಚಬಹುದು, ಅವನ ಉದ್ದೇಶವನ್ನಲ್ಲ ಎಂದೇ ನನ್ನ ಉತ್ತರ. ಆ ಜನರ ಮಾತನ್ನು ಅವನು ಕೇಳಿದ್ದು ಅವರನ್ನು ದಂಡಿಸಲಿಕ್ಕೆ. ಹಳ್ಳಿಯ ಜನರ ಬಾಳನ್ನು ತಿಳಿಯಲು ಒಂದು ಊರು ಸೆರೆಮನೆಯ ದಾರಿ ತುಳಿಯಬೇಕಾದದ್ದು ದುಃಖದ ಸಂಗತಿ. ಅದೇ ಪ್ರಶ್ನೆಗಳನ್ನು ಪ್ರೀತಿಯಿಂದ ಕೇಳಿ ಬರೆದಿಡುವವನೊಬ್ಬ ಅಂದು ಇದ್ದಿದ್ದರೆ ಯಾರೂ ಹಳದಿ ಶಿಲುಬೆ ಹೊರಬೇಕಾಗಿರಲಿಲ್ಲ.

ಇಂದು ನಮಗೆ ಬರಹ ಬರುತ್ತದೆ, ದನಿಯನ್ನೇ ಹಿಡಿದಿಡುವ ಯಂತ್ರಗಳೂ ಕೈಗೆ ಬಂದಿವೆ. ಮನೆಯ ಹಿರಿಯರು ಏನುಂಡರು, ಯಾವ ದಾರಿ ನಡೆದರು, ಯಾವುದಕ್ಕೆ ಹೆದರಿದರು, ಏನನ್ನು ನಂಬಿದರು ಎಂದು ಅವರ ಎದುರು ಕುಳಿತು ಕೇಳುವುದಕ್ಕೆ ಯಾವ ನ್ಯಾಯಸ್ಥಾನದ ಅಪ್ಪಣೆಯೂ ಬೇಡ. ಅವರು ಹೇಳಿದ್ದನ್ನು ಅವರ ನುಡಿಯಲ್ಲಿಯೇ, ದಿನಾಂಕ ಹಾಕಿ, ಒಂದು ಪುಸ್ತಕದಲ್ಲಿ ಬರೆದಿಡಿ. ಅವರಿರುವಾಗಲೇ ಬರೆದಿಡಿ.