ಆಡದೆ ಹೋದ ಪಂದ್ಯಗಳು



ಮಂತ್ರಾಲಯ, ಆದೋನಿ ಕಡೆಯ ನಮ್ಮಂಥವರಿಗೆ ಕೆರಿಬಿಯನ್ ದ್ವೀಪಗಳ ಪರಿಚಯವಾದದ್ದು ಹೆಚ್ಚಾಗಿ ರೇಡಿಯೊದ ಕ್ರಿಕೆಟ್ ವೀಕ್ಷಕ ವಿವರಣೆಯಿಂದ. ಕ್ಲೈವ್ ಲಾಯ್ಡ್, ವಿವಿಯನ್ ರಿಚರ್ಡ್ಸ್, ಮೈಕೆಲ್ ಹೋಲ್ಡಿಂಗ್ ಮುಂತಾದ ಹೆಸರುಗಳು ಹತ್ತಿ ಮಾರುಕಟ್ಟೆಯಲ್ಲೂ ಚಹಾದಂಗಡಿಯಲ್ಲೂ ಕೇಳಿಬರುತ್ತಿದ್ದವು. ಇವರೆಲ್ಲ ‘ವೆಸ್ಟ್ ಇಂಡೀಸ್’ ಎಂಬ ಒಂದೇ ದೇಶದವರೆಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದರು. ಆದರೆ ಲಾಯ್ಡ್ ಗಯಾನಾದವರು, ರಿಚರ್ಡ್ಸ್ ಆಂಟಿಗುವಾದವರು, ಹೋಲ್ಡಿಂಗ್ ಜಮೈಕಾದವರು. ಕ್ರಿಕೆಟ್ಟಿಗಾಗಿ ಒಂದುಗೂಡುವ ಈ ನಾಡುಗಳು ಕಾಲ್ಚೆಂಡಾಟದಲ್ಲಿ ಬೇರೆ ಬೇರೆಯಾಗಿಯೇ ಆಡುತ್ತವೆ. ಪ್ರತಿಯೊಂದು ನಾಡೂ ತನ್ನ ತಂಡವನ್ನು ತಾನೇ ಕಟ್ಟಬೇಕು, ಅದರ ಖರ್ಚನ್ನೂ ತಾನೇ ಹೊರಬೇಕು.

ಇಂದು ನಿಮ್ಮೊಡನೆ ಮಾತಾಡಬೇಕೆಂದಿರುವುದು ಮಹಿಳೆಯರ ಎರಡು ಕಾಲ್ಚೆಂಡು ತಂಡಗಳ ಬಗ್ಗೆ. ಒಂದು ಜಮೈಕಾದ್ದು, ಇನ್ನೊಂದು ನಮ್ಮ ಭಾರತದ್ದು. ಒಂದು ತಂಡದ ಚರಿತ್ರೆ ಕೇಳಿದರೆ ಸಾಮಾನ್ಯವಾಗಿ ನಮ್ಮ ಕೈಗೆ ಬರುವುದು ಒಂದು ಪಟ್ಟಿ. ಯಾವ ವರ್ಷ, ಯಾರ ಮೇಲೆ, ಎಷ್ಟು ಗೋಲು, ಗೆಲುವೋ ಸೋಲೋ, ಅಷ್ಟೇ. ಆ ಪಟ್ಟಿಯನ್ನು ಓದುವುದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಜಮೈಕಾ. ಸುಮಾರು 28 ಲಕ್ಷ ಜನಸಂಖ್ಯೆಯ ನಾಡು ಅದು. ನಮ್ಮ ಒಂದು ಜಿಲ್ಲೆಯಷ್ಟು ಎಂದುಕೊಳ್ಳಿ. ಅಲ್ಲಿನ ಮಹಿಳೆಯರ ತಂಡ 1991ರಲ್ಲಿ ನೆರೆಯ ಹೈಟಿ ದೇಶದಲ್ಲಿ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನಾಡಿತು. ಹೈಟಿಯ ಮೇಲೆಯೇ ಒಂದು ಗೋಲಿನಿಂದ ಸೋತಿತು. ಮುಂದಿನ ವರ್ಷಗಳಲ್ಲಿ ಏಳುಬೀಳು ಇದ್ದದ್ದೇ. ಆದರೆ 2010ರ ಸುಮಾರಿಗೆ ಹಣವಿಲ್ಲವೆಂಬ ಕಾರಣಕ್ಕೆ ತಂಡವನ್ನೇ ನಿಲ್ಲಿಸಿಬಿಟ್ಟರು. ಪಂದ್ಯಗಳಿಲ್ಲದ ಕಾರಣ ವಿಶ್ವ ಶ್ರೇಯಾಂಕ ಪಟ್ಟಿಯಿಂದಲೂ ಅದರ ಹೆಸರು ಅಳಿಸಿಹೋಯಿತು.

2014ರಲ್ಲಿ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯವರ ಮಗಳು ಸೆಡೆಲ್ಲಾ ಮಾರ್ಲಿ ಮುಂದೆ ಬಂದು, ಹಣ ಕೂಡಿಸಿ, ತಂಡಕ್ಕೆ ಮರುಜೀವ ಕೊಟ್ಟರು. 2016ರಲ್ಲಿ ಅದು ಮತ್ತೊಮ್ಮೆ ನಿಂತಿತು, ಮತ್ತೊಮ್ಮೆ ಎಬ್ಬಿಸಬೇಕಾಯಿತು. 2018ರ ಅಕ್ಟೋಬರ್ 17ರಂದು ಅಮೆರಿಕದ ಟೆಕ್ಸಾಸಿನಲ್ಲಿ ಪನಾಮಾದ ಮೇಲಿನ ಪಂದ್ಯ 2-2ರಲ್ಲಿ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ ಜಮೈಕಾ 4-2ರಿಂದ ಗೆದ್ದಿತು. ಮಹಿಳೆಯರ ವಿಶ್ವಕಪ್ಪಿಗೆ ಅರ್ಹತೆ ಪಡೆದ ಮೊದಲ ಕೆರಿಬಿಯನ್ ತಂಡ ಎಂಬ ಹೆಸರು ಅದಕ್ಕೆ ಬಂತು.

2019ರಲ್ಲಿ ಫ್ರಾನ್ಸಿನಲ್ಲಿ ನಡೆದ ಆ ವಿಶ್ವಕಪ್ಪಿನಲ್ಲಿ ಏನಾಯಿತು? ಬ್ರೆಜಿಲ್ ಮೇಲೆ 0-3, ಇಟಲಿಯ ಮೇಲೆ 0-5, ಆಸ್ಟ್ರೇಲಿಯಾದ ಮೇಲೆ 1-4. ಮೂರೂ ಸೋಲು. ಹಾಕಿದ ಗೋಲು ಒಂದೇ, ಹವಾನಾ ಸೊಲಾನ್ ಎಂಬ ಆಟಗಾರ್ತಿಯದು. ಬಿಟ್ಟುಕೊಟ್ಟದ್ದು ಹನ್ನೆರಡು. ‘ಇಷ್ಟಕ್ಕೆ ಇಷ್ಟೆಲ್ಲ ಖರ್ಚು ಬೇಕಿತ್ತೇ?’ ಎಂದು ಯಾರಾದರೂ ಕೇಳಬಹುದಿತ್ತು.

ನಾಲ್ಕು ವರ್ಷಗಳ ಅನಂತರ, 2023ರಲ್ಲಿ ಆಸ್ಟ್ರೇಲಿಯಾದಲ್ಲಿ ಅದೇ ಜಮೈಕಾ ಫ್ರಾನ್ಸನ್ನು 0-0ರಲ್ಲಿ ತಡೆಯಿತು, ಪನಾಮಾವನ್ನು 1-0ರಿಂದ ಸೋಲಿಸಿತು, ಬ್ರೆಜಿಲನ್ನು 0-0ರಲ್ಲಿ ಹಿಡಿದು ನಿಲ್ಲಿಸಿ ಮನೆಗೆ ಕಳಿಸಿತು. ಕೊನೆಯ ಹದಿನಾರರ ಸುತ್ತಿಗೇರಿ, ಅಲ್ಲಿ ಕೊಲಂಬಿಯಾಕ್ಕೆ ಒಂದು ಗೋಲಿನಿಂದ ಸೋತಿತು. ಗಮನಿಸಿ, ಈ ಸಲವೂ ಹಾಕಿದ ಗೋಲು ಒಂದೇ. ಆದರೆ ಬಿಟ್ಟುಕೊಟ್ಟದ್ದೂ ಒಂದೇ. ಹನ್ನೆರಡು ಒಂದಕ್ಕೆ ಇಳಿದದ್ದು ಪವಾಡದಿಂದಲ್ಲ. ನಡುವಿನ ನಾಲ್ಕು ವರ್ಷ ತಂಡ ಆಡುತ್ತಲೇ ಇತ್ತು. ಹಾಗೆಂದು ದಾರಿ ಸುಗಮವಾಗಿರಲಿಲ್ಲ. ಆ ಪಂದ್ಯಾವಳಿಗೆ ಹೊರಡುವ ಮೊದಲು ಸಿದ್ಧತೆಗೆ ಸಾಕಷ್ಟು ನೆರವು ಸಿಗುತ್ತಿಲ್ಲವೆಂದು ಆಟಗಾರ್ತಿಯರು ಬಹಿರಂಗ ಪತ್ರ ಬರೆದಿದ್ದರು. ಒಬ್ಬ ಆಟಗಾರ್ತಿಯ ತಾಯಿ ಸಾರ್ವಜನಿಕರಿಂದ ಚಂದಾ ಎತ್ತಿದ್ದರು.

ಈಗ ನಮ್ಮ ಮನೆಯ ಕಥೆಗೆ ಬರೋಣ. ನಮ್ಮದು ಜಮೈಕಾಕ್ಕಿಂತ ಹಳೆಯ ತಂಡ. 1975ರಲ್ಲಿಯೇ ಭಾರತದಲ್ಲಿ ಮಹಿಳೆಯರ ಕಾಲ್ಚೆಂಡಾಟಕ್ಕೆ ಪ್ರತ್ಯೇಕ ಸಂಸ್ಥೆ ಹುಟ್ಟಿತ್ತು. 1980ರ ಏಷ್ಯಾ ಚಾಂಪಿಯನ್‌ಷಿಪ್ ಕೇರಳದ ಕಲ್ಲಿಕೋಟೆಯಲ್ಲಿ ನಡೆದಾಗ ಭಾರತ ಅಂತಿಮ ಪಂದ್ಯಕ್ಕೇರಿ, ಚೀನೀ ತೈಪೆಗೆ 0-2ರಿಂದ ಸೋತು, ಎರಡನೆಯ ಸ್ಥಾನ ಪಡೆಯಿತು. 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಮೂರನೆಯ ಸ್ಥಾನ. 1983ರಲ್ಲಿ ಬ್ಯಾಂಕಾಕಿನಲ್ಲಿ ಪುನಃ ಎರಡನೆಯ ಸ್ಥಾನ. ಅದೇ ವರ್ಷ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಕಾಲ್ಚೆಂಡಾಟದಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಅವರು. ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತದ ಅಂಗಿ ತೊಟ್ಟು ಆಡಿದ್ದೂ ಆ ಪೀಳಿಗೆಯಲ್ಲೇ.

ಇಂಥ ತಂಡ ಮುಂದೆ ಎಲ್ಲಿಗೆ ಹೋಗಬೇಕಿತ್ತು? ಪಟ್ಟಿಯನ್ನು ನೋಡಿ. 1986, 1989, 1991, 1993. ಈ ನಾಲ್ಕೂ ಏಷ್ಯಾ ಪಂದ್ಯಾವಳಿಗಳಲ್ಲಿ ಭಾರತದ ಹೆಸರಿಲ್ಲ. ಸೋತು ಹೊರಬಿದ್ದದ್ದಲ್ಲ, ಹೋಗಲೇ ಇಲ್ಲ. ವಿಪರ್ಯಾಸವೆಂದರೆ, ಮಹಿಳೆಯರಿಗೆ ಮೊದಲ ವಿಶ್ವಕಪ್ ನಡೆದದ್ದು 1991ರಲ್ಲಿ. ನಮ್ಮವರು ಏಷ್ಯಾದ ಮುಂಚೂಣಿಯಲ್ಲಿದ್ದಾಗ ವಿಶ್ವಕಪ್ ಎಂಬುದಿರಲಿಲ್ಲ. ವಿಶ್ವಕಪ್ ಬಂದಾಗ ನಾವು ಏಷ್ಯಾದ ಕಣದಲ್ಲೇ ಇರಲಿಲ್ಲ.

1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚೀನಾ ನಮ್ಮನ್ನು 16-0ರಿಂದ ಸೋಲಿಸಿತು. ‘ನಮ್ಮ ಹೆಣ್ಣುಮಕ್ಕಳಿಗೆ ಈ ಆಟ ಒಗ್ಗುವುದಿಲ್ಲ’ ಎಂದು ಮೂಗು ಮುರಿಯುವವರಿಗೆ ಈ ಅಂಕಿ ಸಾಕು. ಆದರೆ ಹದಿನೈದು ವರ್ಷಗಳ ಹಿಂದೆ ಇದೇ ಊರಿನಲ್ಲಿ ನಮ್ಮವರು ಏಷ್ಯಾಕ್ಕೆ ಎರಡನೆಯವರಾಗಿದ್ದರಲ್ಲ! ಆ ಹದಿನಾರು ಗೋಲುಗಳನ್ನು ಓದುವಾಗ ಅದಕ್ಕೆ ಮುಂಚಿನ ಖಾಲಿ ಸಾಲುಗಳನ್ನೂ ಸೇರಿಸಿ ಓದಬೇಕು. 2009ರಲ್ಲಿ ಪಂದ್ಯಗಳನ್ನೇ ಆಡದ ಕಾರಣಕ್ಕೆ ಭಾರತದ ಹೆಸರೂ, ಜಮೈಕಾದ್ದರಂತೆಯೇ, ವಿಶ್ವ ಶ್ರೇಯಾಂಕ ಪಟ್ಟಿಯಿಂದ ಬಿದ್ದುಹೋಯಿತು.

ಪಂದ್ಯ ಸಿಕ್ಕಾಗ ಏನಾಯಿತೆಂಬುದನ್ನೂ ನೋಡೋಣ. 2010ರಲ್ಲಿ ದಕ್ಷಿಣ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ಆರಂಭವಾಯಿತು. 2010, 2012, 2014, 2016, 2019 ಹೀಗೆ ಐದು ಸಲ ಸತತವಾಗಿ ಭಾರತವೇ ಗೆದ್ದಿತು. 2022ರಲ್ಲಿ ನಮ್ಮ ದೇಶದಲ್ಲೇ ಏಷ್ಯಾ ಕಪ್ ನಡೆದಾಗ ಇರಾನ್ ಮೇಲೆ 0-0 ಸಮ ಮಾಡಿಕೊಂಡು, ಎರಡನೆಯ ಪಂದ್ಯದ ಹೊತ್ತಿಗೆ ತಂಡದಲ್ಲಿ ಕೊರೋನಾ ಹರಡಿ ಕಣದಿಂದಲೇ ಹಿಂದೆ ಸರಿಯಬೇಕಾಯಿತು. ಅಲ್ಲಿಯೂ ಖಾಲಿ ಸಾಲು. ಕಡೆಗೆ 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆತಿಥೇಯ ತಂಡವನ್ನೇ 2-1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳ ಮೂಲಕ ಮೊಟ್ಟಮೊದಲ ಬಾರಿಗೆ ಭಾರತ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿತು. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದು. 1983ರಲ್ಲಿ ಅಂತಿಮ ಪಂದ್ಯ ಸೋತದ್ದೂ ಇದೇ ಥಾಯ್ಲೆಂಡಿಗೆ ಎಂಬುದನ್ನು ನೆನೆದರೆ ಆ ಗೆಲುವಿನ ತೂಕ ತಿಳಿದೀತು.

ಓದುಗರೇ, ಸೋಲು ಲೆಕ್ಕಕ್ಕೆ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು ಎಲ್ಲಿ ತಪ್ಪಿತು ಎಂದು ಕೇಳಬಹುದು, ತಿದ್ದಿಕೊಳ್ಳಬಹುದು. ಆಡದೆ ಹೋದ ಪಂದ್ಯ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆ ವರ್ಷಗಳಲ್ಲಿ ಹದಿನೆಂಟು, ಇಪ್ಪತ್ತರ ಪ್ರಾಯದಲ್ಲಿದ್ದ ಹುಡುಗಿಯರು ಅಷ್ಟರಲ್ಲೇ ಆಟ ಬಿಟ್ಟು ಸಂಸಾರಕ್ಕೋ ಕೆಲಸಕ್ಕೋ ಹೋಗಿಬಿಟ್ಟಿರುತ್ತಾರೆ. ಅವರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಇದು ದೂರದ ಮಾತೆನಿಸಿದರೆ ನಮ್ಮ ಸುತ್ತಲೇ ನೋಡಿ. ನೆರೆಯ ಅನಂತಪುರದ ಕಡೆ ಹಳ್ಳಿಯ ಹುಡುಗಿಯರು ಕಾಲ್ಚೆಂಡಾಟ ಕಲಿತು ಆಡಿದ್ದಾರೆ. ನಮ್ಮ ತುಂಗಭದ್ರೆಯ ದಂಡೆಯ ಊರುಗಳ ಹುಡುಗಿಯರ ಕಾಲು ಅವರಿಗಿಂತ ಕಡಿಮೆ ಬಲದ್ದೇನಲ್ಲ. ಈ ವರ್ಷ ನಿಮ್ಮ ಊರ ಶಾಲೆಯಲ್ಲಿ ಆಟೋಟದ ಬಹುಮಾನ ವಿತರಣೆಯಾದಾಗ ನೀವೂ ಹೋಗಿರುತ್ತೀರಿ. ಹುಡುಗಿಯರು ಎಷ್ಟು ಪಂದ್ಯ ಗೆದ್ದರೆಂದು ಕೇಳುವ ಮೊದಲು, ಅವರಿಗೆ ಎಷ್ಟು ಪಂದ್ಯ ಆಡಿಸಿದಿರಿ ಎಂದು ಮೇಷ್ಟ್ರನ್ನು ಒಂದು ಮಾತು ಕೇಳಿ.