ಮಾವನ ಮಗ್ಗ, ನನ್ನ ಹೆಡ್‌ಫೋನು

ದೀಪಾವಳಿಗೆ ಊರಿಗೆ ಹೊರಡೋ ಎರಡು ದಿನ ಮೊದಲು ರಾಮದುರ್ಗದಿಂದ ಸೋದರಮಾವನ ಫೋನ್ ಬಂತು.

"ಅಳ್ಯಾ, ಐದನೂರ ರೂಪಾಯಿ ಒಳಗ ಒಂದ ಚಲೋ ಹೆಡ್‌ಫೋನ್ ತಗೊಂಬಾ. ಮಗ್ಗದ ಸಪ್ಪಳದಾಗೂ ಹಾಡ ಕೇಳಿಸಬೇಕ ನೋಡು."

ಮಾವ ಪವರ್‌ಲೂಮ್ ನೇಕಾರ. ಅಳಿಯ ಇಂಜಿನಿಯರ್ ಅಂದ ಮೇಲೆ ಮಿಕ್ಸರಿನಿಂದ ಹಿಡಿದು ಹೆಡ್‌ಫೋನ್ ತನಕ ಎಲ್ಲಾ ನಮ್ಮದೇ ಡಿಪಾರ್ಟ್‌ಮೆಂಟು :-) ಸರಿ, ಅಗ್ಗದ್ದು ಯಾವುದು ಚೆನ್ನಾಗಿದೆ ಅಂತ ಹುಡುಕೋಕೆ ಕೂತೆ. ಹುಡುಕುತ್ತಾ ಹುಡುಕುತ್ತಾ ಹಳೇ ಕಥೆಗೆ ಜಾರಿಬಿಟ್ಟೆ.

ನಾನು ಮೊದಲು ಸ್ಪೀಕರ್, ಆಮೇಲೆ ಹೆಡ್‌ಫೋನ್ ಬಂತು ಅಂದುಕೊಂಡಿದ್ದೆ. ರೇಡಿಯೋ ವಿಷಯದಲ್ಲಿ ಅದು ತಿರುವುಮುರುವು! 1910ರಲ್ಲಿ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ಅನ್ನೋನು ತನ್ನ ಅಡುಗೆಮನೆಯಲ್ಲಿ ಮಾಡಿದ ಹೆಡ್‌ಫೋನನ್ನು ಅಲ್ಲಿನ ನೌಕಾದಳ ಕೊಂಡುಕೊಂಡಿತು. ಆಮೇಲೆ 1920ರ ದಶಕದಲ್ಲಿ ಬಡವರ ರೇಡಿಯೋ ಅಂದರೆ ಕ್ರಿಸ್ಟಲ್ ಸೆಟ್. ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ. ಗಾಳಿಯಲ್ಲಿ ಬಂದ ಅಲೆಯ ಶಕ್ತಿಯಿಂದಲೇ ಹೆಡ್‌ಫೋನ್ ಸಣ್ಣಗೆ ಹಾಡಬೇಕು. ದುಡ್ಡಿದ್ದವರು ಮಾತ್ರ ವಾಲ್ವ್ ಸೆಟ್ಟು, ಸ್ಪೀಕರ್ ಇಟ್ಟುಕೊಂಡು ಕೋಣೆಗೆಲ್ಲಾ ಕೇಳಿಸುವಂತೆ ಹಾಕುತ್ತಿದ್ದರು.

ನಮ್ಮ ಕಡೆ ಆದದ್ದೇ ಬೇರೆ. ಇಲ್ಲಿ ಅಗ್ಗ ಅಂದರೆ ಎಲ್ಲರೂ ಕೂಡಿ ಕೇಳೋದು. 1950ರ ಜನವರಿ 8ಕ್ಕೆ ಧಾರವಾಡ ಆಕಾಶವಾಣಿ ಶುರುವಾಯಿತು. ಕಿತ್ತೂರು, ಬೈಲಹೊಂಗಲ, ಸವದತ್ತಿ ಎಲ್ಲಾ ಧಾರವಾಡಕ್ಕೆ ಹತ್ತಿರದ ಊರುಗಳೇ. ಆದರೆ ಓಣಿಗೊಂದು ರೇಡಿಯೋ ಇದ್ದರೆ ಅದೇ ದೊಡ್ಡದು. ಅದಕ್ಕೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಫೀ ಕಟ್ಟಬೇಕಿತ್ತು, 1980ರ ದಶಕದಲ್ಲಿ ಅದು ರದ್ದಾಗೋ ತನಕ. ಸವದತ್ತಿ ಸೀಮೆಯ ಮುರಗೋಡದ ಹುಕ್ಕೇರಿ ಬಾಳಪ್ಪನವರ ಹಾಡು ಬಂದರೆ ಚಹಾದಂಗಡಿ ಮುಂದೆ ಜನ ಸೈಕಲ್ ನಿಲ್ಲಿಸಿ ನಿಂತುಬಿಡುತ್ತಿದ್ದರು ಅಂತ ನಮ್ಮಜ್ಜ ಹೇಳುತ್ತಿದ್ದರು. ಬೈಲಹೊಂಗಲದ ಕಥೆಯೇ ಆದ ಸಂಗ್ಯಾ-ಬಾಳ್ಯಾ ಆಟವನ್ನಂತೂ ರಾತ್ರಿಯಿಡೀ ಇಡೀ ಊರೇ ಕೂತು ಕೇಳುತ್ತಿತ್ತು. ಅದಕ್ಕೆ ಟಿಕೆಟ್ಟೂ ಇಲ್ಲ, ಹೆಡ್‌ಫೋನೂ ಇಲ್ಲ...

ಗ್ರಾಮಫೋನ್ ಕಥೆಯೂ ಅಷ್ಟೇ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಅನ್ನೋ ಹುಡುಗ ತಟ್ಟೆಗಳನ್ನು ಕೇಳಿ ಕೇಳಿ, ದೊಡ್ಡ ಗವಾಯಿಗಳು ಹಾಡಿದಂತೆಯೇ ಹಾಡಿ ತೋರಿಸುತ್ತಿದ್ದ. ಅವರೇ ಮುಂದೆ ಕುಮಾರ ಗಂಧರ್ವ. ಆ ತಟ್ಟೆಯ ಒಂದು ಬದಿ ಓಡುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಕರಕರ ಸದ್ದು ಬೇರೆ. ನಮ್ಮ ಈಗಿನ ಇಯರ್‌ಫೋನಿಗಿಂತ ಎಷ್ಟೋ ಕಳಪೆ ಧ್ವನಿ. ಆದರೂ ಕಿವಿ ಮಾತ್ರ ಎಂಥದ್ದು ನೋಡಿ!

ಒಬ್ಬರೇ ಕೇಳೋ ಚಟ ಅಂಟಿಸಿದ್ದು 1979ರ ಜುಲೈನಲ್ಲಿ ಬಂದ ಸೋನಿ ವಾಕ್‌ಮನ್. ಅದರ ಹೆಡ್‌ಫೋನ್ ತೂಕ 50 ಗ್ರಾಂ ಒಳಗೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ಮೊದಲ ವಾಕ್‌ಮನ್‌ಗೆ ಹೆಡ್‌ಫೋನ್ ಚುಚ್ಚೋಕೆ ಎರಡು ತೂತು ಇದ್ದವು! ಸೋನಿಯ ಅಕಿಯೋ ಮೊರಿಟಾ ಮನೆಯಲ್ಲಿ ಅದನ್ನು ಹಾಕಿಕೊಂಡು ಕೂತರೆ ಹೆಂಡತಿಗೆ ಸಿಟ್ಟು ಬಂತಂತೆ. ಒಬ್ಬರೇ ಕೇಳೋದು ಮರ್ಯಾದೆ ಅಲ್ಲ ಅನ್ನಿಸಿ ಇಬ್ಬರಿಗೆ ಅನುಕೂಲ ಮಾಡಿದರು. ಜನ ಒಬ್ಬೊಬ್ಬರೇ ಕೇಳಿದರು. ಎರಡನೇ ತೂತು ಆಮೇಲೆ ಮಾಯವಾಯಿತು.

1980ರ ದಶಕದಲ್ಲೇ ನಿಯೋಡಿಮಿಯಮ್ ಅಯಸ್ಕಾಂತವೂ ಬಂತು. ಚಿಕ್ಕದು, ಆದರೆ ಭಾರೀ ಶಕ್ತಿ. ಇವತ್ತು ಐನೂರು ರೂಪಾಯಿಗೂ ಕೇಳೋ ಹಾಗಿರೋ ಹೆಡ್‌ಫೋನ್ ಸಿಗೋದಕ್ಕೆ ಅದೂ ಒಂದು ಕಾರಣ.

ಈಗ ಮಾವನ ವಿಷಯ. ಅವರು ಕೇಳೋದು ಬಾಳಪ್ಪನವರು, ಕುಮಾರರ ನಿರ್ಗುಣಿ ಭಜನ್ನು. ಹಳೇ ತಟ್ಟೆ, ಮೀಡಿಯಂ ವೇವ್ ರೇಡಿಯೋ ಕಾಲದ ಧ್ವನಿಯಲ್ಲಿ ತೀರಾ ಕೆಳಗಿನ ಬಾಸೂ ಇಲ್ಲ, ತೀರಾ ಮೇಲಿನ ಚಿಲಿಪಿಲಿಯೂ ಇಲ್ಲ, ಇರೋದೆಲ್ಲಾ ನಡುವೆ, ಕಂಠ ಇರೋ ಜಾಗದಲ್ಲಿ. ಹಾಗಾಗಿ 'ಎಕ್ಸ್‌ಟ್ರಾ ಬಾಸ್' ಅಂತ ದೊಡ್ಡದಾಗಿ ಬರೆದದ್ದಕ್ಕೆ ದುಡ್ಡು ಕೊಡೋದು ದಂಡ. ಫೋನಿಗೆ 16ರಿಂದ 32 ಓಮ್‌ನದು ಸಾಕು. ವೈರ್ ಇರೋದಾದರೆ ಚಾರ್ಜ್ ಮಾಡೋ ರಗಳೆಯೂ ಇಲ್ಲ.

ಇಷ್ಟು ಲೆಕ್ಕ ಹಾಕಿದ ಮೇಲೆ ಒಂದು ಮಾತು ಚುಚ್ಚಿತು. "ಮಗ್ಗದ ಸಪ್ಪಳದಾಗೂ ಕೇಳಿಸಬೇಕ."

ಪವರ್‌ಲೂಮ್ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟೋದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ವಾರಕ್ಕೆ ಬರೀ 4 ಗಂಟೆ ಕೇಳಬಹುದು. ಮಾವನ ಮಗ್ಗ ಒಂದೇ ದಿನದಲ್ಲಿ ಆ ಕೋಟಾ ಮುಗಿಸುತ್ತೆ. ಅದರ ಮೇಲೆ ಹಾಡನ್ನು ಇನ್ನೂ ಜೋರಾಗಿ ಹಾಕಿದರೆ? ಯೋಚಿಸಿದರೆ, ಈಗಾಗಲೇ ಫೋನಿನಲ್ಲಿ ಮಾವ ಎರಡೆರಡು ಸಲ "ಆಂ?" ಅನ್ನುತ್ತಾರೆ.

ಕೊನೆಗೆ ಮೂರು ಸಾಮಾನು ತಗೊಂಡು ಹೋದೆ. ವೈರಿನ ಹೆಡ್‌ಫೋನು, ಒಂದೇ ತೂತನ್ನು ಎರಡು ಮಾಡೋ ಸಣ್ಣ ಕೇಬಲ್ಲು, ಶೆಡ್ಡಿನಲ್ಲಿ ಕಿವಿಗೆ ಇಟ್ಟುಕೊಳ್ಳೋ ಫೋಮಿನ ಬಿರಡೆಗಳು.

"ಹೆಡ್‌ಫೋನ್ ಸಂಜಿಕ ಮನ್ಯಾಗ ಮಾತ್ರ ಹಾಕ್ಕೋರಿ ಮಾವಾ, ಅರ್ಧಾ ವಾಲ್ಯೂಮ್ ಮ್ಯಾಲ ಹೋಗಬ್ಯಾಡ್ರಿ. ಶೆಡ್ಡಿನ್ಯಾಗ ಈ ಬಿರಡೆ ಇಟ್ಕೋರಿ" ಅಂದೆ.

"ಹಾಡ ಕೇಳಾಕ ತಗೊಂಬಾ ಅಂದ್ರ ಕಿವಿ ಮುಚ್ಚಾಕ ತಂದೀಯಲ್ಲೋ!" ಅಂತ ನಕ್ಕರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ನಿಮ್ಮಜ್ಜ ಕೈಮಗ್ಗದ ಮುಂದ ಕುಂತು ತಾನ ಹಾಡತಿದ್ದಾ. ಓಣಿಗೆಲ್ಲಾ ಕೇಳಸತಿತ್ತು. ಪವರ್‌ಲೂಮಿನ ಮುಂದ ಹಾಡಿದ್ರ ನನ್ನ ಹಾಡ ನನಗ ಕೇಳಸೂದಿಲ್ಲ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಎರಡು ತೂತಿನ ಕೇಬಲ್ ಹಾಕಿ ಮಾವ, ಅತ್ತಿ ಇಬ್ಬರೂ ಬಾಳಪ್ಪನವರನ್ನು ಕೇಳಿದರು. ಅತ್ತಿಗೆ ನನ್ನ ಹಳೇ ಇಯರ್‌ಫೋನ್. ಬಿರಡೆ ಮಾತ್ರ ಇನ್ನೂ ಡಬ್ಬಿಯಲ್ಲೇ ಇದೆಯೋ ಏನೋ... ವಾರಕ್ಕೊಮ್ಮೆ ಫೋನ್ ಮಾಡಿ ಪೀಡಿಸುತ್ತಿದ್ದೇನೆ.

ನಿಮ್ಮ ಮನೆಯಲ್ಲೂ "ಆಂ?" ಅನ್ನೋ ಹಿರಿಯರಿದ್ದರೆ, ಅವರು ಹಾಡನ್ನು ಎಷ್ಟು ಜೋರಾಗಿ ಹಾಕ್ತಾರೆ ಅಂತ ಒಮ್ಮೆ ನೋಡಿ.