ಗಂಟೆಗೆ 20 ನಿಮಿಷ: ಪರೀಕ್ಷೆಯ ಹೆಚ್ಚುವರಿ ಸಮಯದ ಕಥೆ

ಮೂರು ಗಂಟೆಯ ಪರೀಕ್ಷೆಗೆ ಒಬ್ಬ ವಿದ್ಯಾರ್ಥಿಗೆ ನಾಲ್ಕು ಗಂಟೆ ಕೊಟ್ರೆ, "ಇದು ಅನ್ಯಾಯ ಅಲ್ವಾ?" ಅನ್ನೋರು ಇದ್ದಾರೆ. ಆ ಒಂದು ಗಂಟೆ ಹೇಗೆ ಬಂತು ಅಂತ ಇವತ್ತು ನೋಡೋಣ.

1995ರ ಅಂಗವಿಕಲರ ಕಾಯ್ದೆ, ಅಂಧ ಮತ್ತು ಮಂದದೃಷ್ಟಿಯ ವಿದ್ಯಾರ್ಥಿಗಳಿಗೆ ಉತ್ತರ ಬರೆದುಕೊಡೋರನ್ನ, ಅಂದ್ರೆ ಸ್ಕ್ರೈಬ್‌ನ, ಶಿಕ್ಷಣ ಸಂಸ್ಥೆಗಳು ಒದಗಿಸಬೇಕು ಎಂದಿತು. ಎಷ್ಟು ಸಮಯ ಅನ್ನೋ ಲೆಕ್ಕ ಬಂದಿದ್ದು 2013ರ ಫೆಬ್ರವರಿ 26ರ ಕೇಂದ್ರದ ಮಾರ್ಗಸೂಚಿಯಲ್ಲಿ: ಸ್ಕ್ರೈಬ್ ಬಳಸೋರಿಗೆ ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಗೆ ಒಂದು ಗಂಟೆ. ಆದರೆ ಅಂಗವೈಕಲ್ಯ ಶೇ. 40 ಇರಬೇಕಿತ್ತು.

2016ರ ಹೊಸ ಕಾಯ್ದೆಯ 17ನೇ ಕಲಂ ಹೆಚ್ಚುವರಿ ಸಮಯವನ್ನ ಕಾನೂನಿನ ಮಾತನ್ನಾಗಿ ಮಾಡಿತು. ಇದರಲ್ಲಿ ನಮ್ಮ ಹೈದರಾಬಾದ್ ಪಾಲೂ ಇದೆ. ಶಂಶಾಬಾದ್‌ನಿಂದ ಔಟರ್ ರಿಂಗ್ ರೋಡ್ ಹಿಡಿದು ಊರಿನ ಆ ತುದಿಗೆ ಹೋದ್ರೆ ಶಾಮೀರ್‌ಪೇಟೆ. ಅಲ್ಲಿರೋ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರ, 2011ರ ಮೂಲ ಕರಡಿಗೆ ಕಾನೂನು ಸಲಹೆ ನೀಡಿತ್ತು.

ಆದ್ರೂ ಶೇ. 40ರ ಗೇಟ್ ಹಾಗೇ ಉಳೀತು. ಬರೆಯುವಾಗ ಕೈ ಸೆಟೆದುಕೊಳ್ಳೋ ತೊಂದರೆ ಇದ್ದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತು. 2021ರ ಫೆಬ್ರವರಿ 11ರಂದು ನ್ಯಾ. ಡಿ.ವೈ. ಚಂದ್ರಚೂಡ್ ಅವರ ಪೀಠ, ಶೇಕಡಾ ಲೆಕ್ಕ ಇಟ್ಟುಕೊಂಡು ಸೌಲಭ್ಯ ತಪ್ಪಿಸುವಂತಿಲ್ಲ ಎಂದಿತು. ಅದರ ಫಲವಾಗಿ 2022ರ ಆಗಸ್ಟ್ 10ರಂದು, ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯೋಕೆ ಕಷ್ಟ ಇರೋರಿಗೂ ಮಾರ್ಗಸೂಚಿ ಬಂತು.

ನಿಯಮ ಇದ್ರೆ ಸಾಕಾ? 2021ರ ನೀಟ್‌ನಲ್ಲಿ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ಒಂದು ಗಂಟೆ ಹೆಚ್ಚು ಸಿಗಬೇಕಿತ್ತು. ಕೇಂದ್ರದಲ್ಲಿ ಎಲ್ಲರ ಜೊತೆಗೇ ಅವಳ ಪತ್ರಿಕೆಯನ್ನೂ ಕಿತ್ತುಕೊಂಡ್ರು. ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವಳಿಗೆ ಅನ್ಯಾಯ ಆಗಿದೆ ಅಂತ ಒಪ್ಪಿತು, ಸರಿಪಡಿಸೋ ದಾರಿಯನ್ನ ಒಂದು ವಾರದಲ್ಲಿ ನೋಡಿ ಅಂತ ಎನ್‌ಟಿಎಗೆ ಹೇಳಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ. ಹೋದ ಗಂಟೆಯನ್ನ ಯಾವ ತೀರ್ಪೂ ಪೂರ್ತಿ ವಾಪಸ್ ಕೊಡಲ್ಲ.

ಹಾಗಾಗಿ ಇದು ರಿಯಾಯಿತಿ ಅಲ್ಲ. ಪ್ರಶ್ನೆಪತ್ರಿಕೆ ಅದೇ, ಮೌಲ್ಯಮಾಪನ ಅದೇ. ಪರೀಕ್ಷೆ ಅಳೀಬೇಕಾದ್ದು ತಿಳಿವಳಿಕೆಯನ್ನ, ಕೈಯ ವೇಗವನ್ನಲ್ಲ. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ರೆ, ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಮೊದಲೇ ಮಾಡಿಸಿ, ಅರ್ಜಿ ತುಂಬುವಾಗಲೇ ಸೌಲಭ್ಯ ಕೇಳಿ, ಮಂಜೂರಾತಿ ಪತ್ರವನ್ನ ಪರೀಕ್ಷೆಯ ದಿನ ಕೈಯಲ್ಲೇ ಇಟ್ಕೊಳ್ಳಿ. ಮತ್ತೆ ಸಿಗೋಣ.